ಟವರ್ ಗುಂಡು

ಅಜ್ಜಂದಿರು ಅದಕ್ಕೆ ಮೊಸಳೆಗುಂಡು ಅಂತಿದ್ದರು.
ಈಗ ಟವರ್ ಗುಂಡು.
ತಿಂಗಳ ಹತ್ತನೇ ತಾರೀಕು ದಾಟಿದರೆ
ಕರಿಗುಂಡಹಾಳದ ನ್ಯಾಯಬೆಲೆ ಅಂಗಡಿ
ಎರಡು ತುಂಡು:
ಕೆಳಗೆ ಅಕ್ಕಿ, ಮೇಲೆ ಹೆಬ್ಬೆಟ್ಟು.
ನಡುವೆ ಕಾದ ಬಂಡೆ, ಕಾರೀಮುಳ್ಳು, ಓತಿಕ್ಯಾತ,
ಗಂಗಾವತಿ ಕಡೆಯಿಂದ ಬೀಸುವ ಬಿಸಿಗಾಳಿ.

ಅಂಗಡಿ ಸೊಸೈಟಿಯದು, ಮಷೀನು ಸರಕಾರದ್ದು,
ಅದಕ್ಕೆ ಸುತ್ತಿದ ಟವಲು ಮಾತ್ರ ನಮ್ಮಪ್ಪ ಶರಭಪ್ಪನದು.
ಅಪ್ಪನ ಮಂಡಿ ಕೈಕೊಟ್ಟ ಮೇಲೆ
ಕೂಸಿನಂತೆ ಎದೆಗವುಚಿ ನಾನೇ ಹತ್ತುತ್ತೇನೆ.
ಹಿಂದೆ ಊರು.
ಚಪ್ಪಲಿ ಕೈಯಲ್ಲಿ ಹಿಡಿದ ಖಾಜಾಬನಿ,
ಒಂದೊಂದು ಕಲ್ಲಿಗೂ ಕೂತು ಏಳುವ ಯಂಕೋಬಣ್ಣ,
ಶಾಲೆ ತಪ್ಪಿಸಿದ ಇಬ್ಬರು ಹುಡುಗರು, ಕಾಮೆಂಟರಿಗೆ:
"ಒಂದು ಕಡ್ಡಿ ಬಂತ್ರೀ ಅಕ್ಕಾ, ಬಲಕ್ಕ ತಿರುಗ್ರಿ,
ಹೋತು, ಹೋತು...
ಹಾಂ, ಅಲ್ಲೇ. ಯಾರೂ ಉಸಿರಾಡಬ್ಯಾಡ್ರಿ."

ಮೇದಾರ ಗಾಳೆವ್ವನ ಸರದಿ ಬಂದಾಗ
ಮೂರು ಕಡ್ಡಿ ತುಂಬಿದ್ದವು. ನೆಟ್ಟವರ್ಕಿನ ತಪ್ಪಲ್ಲ.
ಹೆಬ್ಬೆರಳು ಇಟ್ಟಳು. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟಳು. ಕೆಂಪು.
ಎಡಗೈ, ಕಿರುಬೆರಳು, ಎಂಜಲು ಹಚ್ಚಿ,
ಕೊಬ್ಬರಿ ಎಣ್ಣೆ ಹಚ್ಚಿ.
ಐವತ್ತು ವರ್ಷ ಬಿದಿರು ಸೀಳಿದ ಬೆರಳು ಅದು,
ಗೆರೆಯಿದ್ದ ಕಡೆಯೆಲ್ಲ ಸಿಬಿರು ಓಡಾಡಿ
ಕನ್ನಡಿಯಾಗಿದೆ.
"ಮತ್ತೆ ಪ್ರಯತ್ನಿಸಿ" ಅಂದಿತು ಮಷೀನು,
ಹೆಣ್ಣುದನಿ, ಬಲು ಮರ್ಯಾದೆಯ ದನಿ.

ಹುಟ್ಟಿದ ದಿನ ನನ್ನ ಮಲಗಿಸಿದ್ದು
ಇವಳು ಹೆಣೆದ ಮೊರದಲ್ಲಿ.
ಇವಳೇ ಗಾಳೆವ್ವ ಎಂದು ಹೇಳಲು
ಆ ಮಷೀನಿನಲ್ಲಿ ನನಗೊಂದು ಗುಂಡಿ ಇಲ್ಲ.

ಒಟಿಪಿ ಹಾಕಬಹುದು.
ಕಾರ್ಡಿಗೆ ಕೊಟ್ಟ ನಂಬರು ರೀಚಾರ್ಜು ಅಂಗಡಿಯ ಹುಸೇನಸಾಬನದು,
ಫೋನಿಲ್ಲದ ಅರವತ್ತು ಮನೆಗೆ
ಆಗ ಅವನೇ ಪುಣ್ಯಾತ್ಮ, ತನ್ನ ನಂಬರು ಕೊಟ್ಟ.
ಈಗ ಅಂಗಡಿ ಮುಚ್ಚಿ ಸಿಂಧನೂರಿನಲ್ಲಿ ಎಗ್‌ರೈಸ್ ಗಾಡಿ,
ಸಿಮ್ಮು ಎಲ್ಲೋ.
ಅರವತ್ತು ಮನೆಯ ಗುಟ್ಟಿನ ಸಂಖ್ಯೆಗಳು
ಯಾರ ಜೇಬಿನಲ್ಲಿ ಗುಂಯ್‌ಗುಡುತ್ತಿವೆಯೋ.

ವಿನಾಯಿತಿ ವಹಿಯಲ್ಲಿ ಬರೆಯಬಹುದು.
ಸಾಹೇಬರ ಸಹಿ ಬೇಕು.
ಸಾಹೇಬರು ಆನ್‌ಲೈನ್ ಮೀಟಿಂಗಿನಲ್ಲಿದ್ದಾರೆ.

ಇಳಿಯುವಾಗ ಗುಂಡಿನ ಹೊಟ್ಟೆಯಡಿ ನೆರಳಿಗೆ ಕೂತೆವು.
ಅಲ್ಲಿ ಕೆಮ್ಮಣ್ಣಿನ ಚಿತ್ರ:
ಉದ್ದ ಕೋಡಿನ ಗೂಳಿ, ಕೈ ಕೈ ಹಿಡಿದ ಆರು ಮಂದಿ.
ಯಾವ ಕಾಲದವರೋ. ಹೆಸರಿಲ್ಲ, ಕಾರ್ಡಿಲ್ಲ.
ಗಾಳೆವ್ವ ಬಹಳ ಹೊತ್ತು ನೋಡಿದಳು:
"ಇವರ ಬಟ್ಟು ಹೆಂಗ ಹತ್ಯಾವ ನೋಡವಾ.
ಇನ್ನೂ ಅಳಿಸಿಲ್ಲ."
ನಕ್ಕಳು. ನನಗೆ ನಗಲು ಆಗಲಿಲ್ಲ.

ಆ ತಿಂಗಳು ಅಕ್ಕಿ ಕೊಟ್ಟೆನೋ ಇಲ್ಲವೋ
ಇಲ್ಲಿ ಬರೆಯುವುದಿಲ್ಲ.
ಸ್ಟಾಕು ತಪಾಸಣೆಗೆ ಬರುವವರು
ಕವಿತೆಯನ್ನೂ ಓದಬಹುದು.

ಏಳುವ ಮುಂಚೆ ಅವಳೇ ಕೈ ಚಾಚಿದಳು,
"ಕೊಡಿಲ್ಲಿ ಅದನ್ನ."
ಟವಲು ಬಿಚ್ಚಿ, ಮಷೀನನ್ನು ತೊಡೆಯ ಮೇಲಿಟ್ಟು
ಹೆಬ್ಬೆಟ್ಟಿನಿಂದ ಕಿರುಬೆರಳಿಗೆ ಅಳೆದಳು.
"ಒಂದು ಗೇಣು. ಮ್ಯಾಲ ಎರಡು ಬಟ್ಟು.
ಬಿಸಿಲಿಗೆ ಕಾದು ಸಾಯ್ತದ ಪಾಪ, ಅರಿವಿ ಸಾಲಂಗಿಲ್ಲ."

ಮುಂದಿನ ತಿಂಗಳು ಅಂಗಡಿ ಕಟ್ಟೆಯ ಮೇಲೆ
ಹಸಿ ಬಿದಿರಿನ ವಾಸನೆಯ ಬುಟ್ಟಿ.
ಮಷೀನು ಇಟ್ಟೆ.
ಮುಚ್ಚಳ ಕೂತಿತು,
ಕೂದಲೆಳೆ ಸಂದಿಲ್ಲದೆ.

ಮೇಲೆ ಹುಡುಗರು ಆಗಲೇ ಕೂಗುತ್ತಿದ್ದರು:
"ಬರ್ರಿ, ಬರ್ರಿ, ಕಡ್ಡಿ ಬಂದೈತಿ."
ಬುಟ್ಟಿ ಎತ್ತಿಕೊಂಡೆ.
ಗಾಳೆವ್ವ ಸೀರೆ ಮೇಲೆ ಸಿಗಿಸಿಕೊಂಡು
ನನಗಿಂತ ಮುಂಚೆ ಕಾಲಿಟ್ಟಳು ಬಂಡೆಗೆ.